ತಲಾ ಆದಾಯ ಏರಿತಂತೆ, ನಮ್ಮ ಮನೆಗೆ ಯಾಕೆ ಬರಲಿಲ್ಲ?

ಪ್ರಶ್ನೆ: ಸರ್, ತಲಾ ಆದಾಯದಲ್ಲಿ ಬೆಂಗಳೂರು ನಗರ ಬಿಟ್ಟರೆ ನಮ್ಮ ದಕ್ಷಿಣ ಕನ್ನಡವೇ ಮುಂದೆ ಅಂತ ಪೇಪರಿನಲ್ಲಿ ಓದಿದೆ. ಅಮ್ಮ ಬೀಡಿ ಕಟ್ಟುತ್ತಾರೆ. ನಾನು ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತೇನೆ. ಆ ಏರಿಕೆ ನಮ್ಮ ಮನೆ ಕಡೆ ತಲೆ ಹಾಕಿಲ್ಲ. ಲೆಕ್ಕವೇ ಸುಳ್ಳಾ?
- ಓದುಗರು, ಸುರತ್ಕಲ್

ಉತ್ತರ: ಲೆಕ್ಕ ಸುಳ್ಳಲ್ಲ. ಆದರೆ ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಜಿಲ್ಲೆಯೊಳಗೆ ಹುಟ್ಟಿದ ಆದಾಯವನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲಾ ಆದಾಯ. 'ಹುಟ್ಟಿದ' ಅನ್ನುವುದನ್ನು ಗಮನಿಸಿ. ನಿಮ್ಮ ಊರಿನ ಹತ್ತಿರದ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್‌ನಲ್ಲಿ ಹುಟ್ಟಿದ್ದು ಜಿಲ್ಲೆಯ ಲೆಕ್ಕಕ್ಕೆ ಸೇರುತ್ತದೆ, ಲಾಭ ಯಾವ ಊರಿನ ಷೇರುದಾರರಿಗೆ ಹೋದರೂ ಸರಿ. ಪಕ್ಕದ ಮನೆಯ ಹುಡುಗ ದುಬೈಯಿಂದ ಕಳಿಸುವ ದುಡ್ಡು ಮಾತ್ರ ಸೇರುವುದಿಲ್ಲ. ಅದು ಹುಟ್ಟಿದ್ದು ದುಬೈಯಲ್ಲಿ! ಗಲ್ಫ್ ದುಡ್ಡಿನಲ್ಲಿ ಎಷ್ಟೋ ಮನೆ ಎದ್ದಿರುವ ಕರಾವಳಿಯಲ್ಲಿ ಇದು ಸಣ್ಣ ವಿಷಯವಲ್ಲ.

ಈಗ ಹಂಚಿಕೆಗೆ ಬರೋಣ. ಒಂದು ರಸ್ತೆಯಲ್ಲಿ ಹತ್ತು ಮನೆ ಅಂತ ಇಟ್ಟುಕೊಳ್ಳಿ. ಒಂಬತ್ತು ಮನೆಗೆ ತಿಂಗಳಿಗೆ 20 ಸಾವಿರ, ಒಂದು ಮನೆಗೆ 2.20 ಲಕ್ಷ. ಒಟ್ಟು 4 ಲಕ್ಷ, ಸರಾಸರಿ 40 ಸಾವಿರ. ಆ ಆದಾಯದ ಮನೆ ಒಂದೂ ಇಲ್ಲ, ಅಲ್ವಾ? ಮುಂದಿನ ವರ್ಷ ದೊಡ್ಡ ಮನೆಯದ್ದು 3.20 ಲಕ್ಷವಾಯಿತು, ಉಳಿದವರದ್ದು ಹಾಗೇ ಇದೆ. ರಸ್ತೆಯ ಬೆಳವಣಿಗೆ ಶೇ. 25! ಅದೇ, ಪ್ರತಿ ಮನೆಯ ಶೇಕಡಾವಾರು ಏರಿಕೆ ಬರೆದು ಹತ್ತರಿಂದ ಭಾಗಿಸಿ: ಸುಮಾರು ಶೇ. 4.5. ಮೊದಲ ಲೆಕ್ಕದಲ್ಲಿ ರೂಪಾಯಿಗೊಂದು ಓಟು, ಎರಡನೆಯದರಲ್ಲಿ ಮನೆಗೊಂದು ಓಟು. ಸಾಲಿನ ನಡುವಿನ ಮನೆಯನ್ನು ಕೇಳಿದರೆ ಬೆಳವಣಿಗೆ ಸೊನ್ನೆ.

ತಜ್ಞರು ಮಾಡುವುದೂ ಇದನ್ನೇ. ಕಡಿಮೆ ಆದಾಯದವರಿಂದ ಜಾಸ್ತಿ ಆದಾಯದವರವರೆಗೆ ಸಾಲಾಗಿ ನಿಲ್ಲಿಸಿ, ಒಂದೊಂದು ಭಾಗ ಎಷ್ಟು ಬೆಳೆಯಿತು ಅಂತ ಗೆರೆ ಎಳೆಯುತ್ತಾರೆ. ವಿಶ್ವ ಬ್ಯಾಂಕ್ 2013ರಿಂದ ಕೆಳಗಿನ ಶೇ. 40 ಜನರ ಏರಿಕೆಯನ್ನು ಪ್ರತ್ಯೇಕವಾಗಿ ನೋಡತೊಡಗಿತು. ಅಸಮಾನತೆ ಅಳೆಯುವ ಗಿನಿ ಅನ್ನುವ ಅಂಕಿಯೂ ಇದೆ. ಎಲ್ಲರೂ ಸಮಾನವಾದರೆ 0, ಎಲ್ಲವೂ ಒಬ್ಬರ ಕೈಯಲ್ಲಿದ್ದರೆ 1. ನನಗೆ ಅದರ ಮೇಲೆ ಅಷ್ಟು ಪ್ರೀತಿಯಿಲ್ಲ. ಎಲ್ಲರ ಆದಾಯ ದುಪ್ಪಟ್ಟಾದರೂ ಅದು ಅಲ್ಲಾಡುವುದಿಲ್ಲ. ಯಾರು ಮುಂದೆ ಹೋದರು, ಯಾರು ಉಳಿದರು ಅಂತಲೂ ಹೇಳುವುದಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕು. ಮನೆಗಳ ಸ್ಥಿತಿ ತಿಳಿಯಲು ಸರ್ಕಾರ ಮಾಡುವ ದೊಡ್ಡ ಸಮೀಕ್ಷೆ ಕೇಳುವುದು ಖರ್ಚನ್ನು, ಆದಾಯವನ್ನಲ್ಲ. ದುಬೈ ದುಡ್ಡು ಇಲ್ಲಿ ಖರ್ಚಿನ ರೂಪದಲ್ಲಾದರೂ ಕಾಣುತ್ತದೆ, ಅದು ಒಳ್ಳೆಯದೇ. ಆದರೆ ಶ್ರೀಮಂತರು ಖರ್ಚು ಮಾಡದೆ ಉಳಿಸಿದ್ದು ಕಾಣುವುದಿಲ್ಲ, ಹಾಗಾಗಿ ಅಂತರ ಕಡಿಮೆ ಕಾಣುತ್ತದೆ. ಜೊತೆಗೆ 2011-12ರ ಸಮೀಕ್ಷೆಯ ನಂತರ ಮೊದಲು ಪ್ರಕಟವಾದದ್ದು 2022-23ರದ್ದು, ಅಷ್ಟರಲ್ಲಿ ವಿಧಾನವೂ ಬದಲಾಗಿತ್ತು. ಎರಡನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸುವ ಹಾಗಿಲ್ಲ. ಕೊರಗರಂಥ ಸಣ್ಣ ಸಮುದಾಯದ ಮನೆಗಳು ಇಂಥ ಸಮೀಕ್ಷೆಗೆ ಸಿಗುವುದೇ ಬೆರಳೆಣಿಕೆಯಷ್ಟು. ಅವರದ್ದು ಪ್ರತ್ಯೇಕವಾಗಿ ಎಣಿಸದೆ ಗೊತ್ತಾಗುವುದಿಲ್ಲ.

ನಿಮ್ಮ ಮನೆಯದ್ದನ್ನು ನೀವೇ ಅಳೆಯಬಹುದು. ಐದು ವರ್ಷದ ಹಿಂದೆ ಸಾವಿರ ಬೀಡಿಯ ಮಜೂರಿಗೆ ಎಷ್ಟು ಕಿಲೋ ಕುಚ್ಚಲಕ್ಕಿ ಬರುತ್ತಿತ್ತು, ಈಗ ಎಷ್ಟು ಬರುತ್ತದೆ ಅಂತ ಅಮ್ಮನನ್ನು ಕೇಳಿ. ವಾರಕ್ಕೆ ಆಗ ಎಷ್ಟು ಬೀಡಿಗೆ ಎಲೆ ಸಿಗುತ್ತಿತ್ತು, ಈಗ ಎಷ್ಟಕ್ಕೆ ಸಿಗುತ್ತದೆ ಅನ್ನುವುದನ್ನೂ ಕೇಳಲು ಮರೆಯಬೇಡಿ.