ಜಾತ್ರಿಗಿ ಸಾಲಿ ರಜಾ ಕೂಡಿ ಬರ್ತದೇನ್ರಿ?

ಪ್ರಶ್ನೆ: ಅಕ್ಕಾ, ನಾ ಕಲಬುರಗಿ ಬ್ರಹ್ಮಪುರದಾಕಿ, ಈಗ ಜರ್ಮನಿ ಮ್ಯೂನಿಕ್‌ನಾಗ ಇದ್ದೀನಿ. ಶರಣಬಸವೇಶ್ವರ ಜಾತ್ರಿ ನೋಡಿ ಭಾಳ ವರ್ಷ ಆಯ್ತು, ಮಕ್ಕಳಿಗಿ ತೇರು ತೋರಿಸ್ಬೇಕಂತ ಆಸಿ, ಆದ್ರ ಹೋದ ಎರಡು ಸಲನೂ ಸಾಲಿ ನಡದಾಗೇ ಜಾತ್ರಿ ಬಂತು. ಅವ್ವಗ ಡೇಟ್ ಕೇಳಿದ್ರ "ಹೋಳಿ ಹತ್ರ ಬರ್ಲಿ ತಡಿ" ಅಂತಾಳ, ಅಷ್ಟೊತ್ತಿಗಿ ಟಿಕೆಟ್ ರೇಟ್ ಮುಗಿಲಿಗಿ ಹೋಗಿರ್ತದ. ಮದಲೇ ಪ್ಲ್ಯಾನ್ ಮಾಡ್ಲಿಕ್ಕಿ ಬರ್ತದೇನು? ಸಣ್ಣಾಕಿಗಿ ಬಿಸಿಲು ಬ್ಯಾರೆ ತಡಿಯಂಗಿಲ್ಲ.

ಉತ್ತರ: ಬರ್ತದ ತಂಗಿ, ಅದೂ 2027ಕ್ಕ ನಿಮ್ ನಸೀಬ ಛಲೋ ಅದ. ನಿಮ್ಮವ್ವ ಹೇಳೂದು ಖರೇನೇ, ತೇರು ಹೋಳಿ ಹುಣ್ಣಿಮಿ ಆದ ಐದನೇ ದಿನಕ್ಕ, ಅದರ ಹಿಂದಿನ ದಿನ ಉಚ್ಛಾಯಿ, ಅಂದ್ರ ಸಣ್ಣ ತೇರು. ಆದ್ರ ಹುಣ್ಣಿಮಿ ಯಾವಾಗಂತ ಪಂಚಾಂಗದಾಗ ವರ್ಷ ಮದಲೇ ಸಿಗ್ತದಲ್ರಿ, ಹೋಳಿ ತನಕ ಯಾಕ ಕಾಯ್ಬೇಕು. 2026ರಾಗ ಹುಣ್ಣಿಮಿ ಮಾರ್ಚ್ 3ಕ್ಕ ಬಂತು, ನಡುವ ಅಧಿಕ ಮಾಸ ಬರೂದ್ರಿಂದ 2027ಕ್ಕ ಮಾರ್ಚ್ 22ಕ್ಕ ಹೋಗ್ತದ, ಅಂದ್ರ ತೇರು 27ರ ಸುಮಾರಿಗಿ. ಈಗ ನಿಮ್ ಕಡಿ ಕ್ಯಾಲೆಂಡರ್ ನೋಡ್ರಿ, ಆ ವರ್ಷ ಸಾಲಿ ರಜಾ ಕೊಡೂ ಈಸ್ಟರ್ ಮಾರ್ಚ್ 28ಕ್ಕ! ಈಸ್ಟರ್‌ದೂ ಹುಣ್ಣಿಮಿ ಲೆಕ್ಕಾನೇ, ಮಾರ್ಚ್ 21ರ ಮ್ಯಾಲಿನ ಹುಣ್ಣಿಮಿ ಆದ ಮದಲನೇ ಐತ್ವಾರ, ಹಂಗಾಗಿ ಹೋಳಿ ತಡಾ ಬಂದ ವರ್ಷ ಎರಡೂ ಒಂದೇ ವಾರದಾಗ ಬೀಳ್ತಾವ, ಹೋಳಿ ಲಗೂನೇ ಬಂದ್ರ ಹತ್ತಿರ ಹತ್ತಿರ ಒಂದು ತಿಂಗಳು ದೂರ. 2024ರಾಗೂ ಹಿಂಗೇ ಕೂಡಿತ್ತು, ನೀವು ಲಕ್ಷ್ಯ ಕೊಟ್ಟಿಲ್ಲ ಅಷ್ಟೇ. ತಿಥಿ ಒಂದು ದಿನ ಹಿಂದ ಮುಂದ ಆಗಬಹುದು, ಅದಕ್ಕ 25ಕ್ಕೇ ಊರಾಗ ಇರೂ ಹಂಗ ಟಿಕೆಟ್ ತಗೊಳ್ರಿ, ಗುಡಿ ಸಂಸ್ಥಾನದವ್ರು ತಾರೀಖು ಹೇಳೂ ತನಕ ಕಾಯಬ್ಯಾಡ್ರಿ.

ಬೆಂಗಳೂರಿಗಿ ಇಳಿಬ್ಯಾಡ್ರಿ ಮತ್ತ, ಅಲ್ಲಿಂದ 550 ಕಿ.ಮೀ. ಮ್ಯಾಲೆ ಆಗ್ತದ, ಹೈದರಾಬಾದ್‌ದಿಂದ 220ರ ಆಸುಪಾಸು, ಕಾರ್ ಮಾಡ್ಕೊಂಡು ಬಂದ್ಬಿಡ್ರಿ. ಮಕ್ಕಳದು ಜರ್ಮನ್ ಪಾಸ್‌ಪೋರ್ಟ್ ಇದ್ರ ಒಸಿಐ ಕಾರ್ಡೋ (ಭಾರತ ಮೂಲದ ಪರದೇಶಿ ನಾಗರಿಕರಿಗಿ ಕೊಡೂದು) ವೀಸಾನೋ ಈಗೇ ನೋಡ್ಕೊಳ್ರಿ.

ಬಿಸಿಲಿಂದು ನಾ ಸುಳ್ಳು ಹೇಳಂಗಿಲ್ಲ, ಮಾರ್ಚ್ ಕಡೀಕ ನಮ್ ಊರು ಕಾದ ಹಂಚು. ಆದ್ರ ತೇರು ಎಳಿಯೂದು ಸಂಜಿಕ, ಹಗಲೆಲ್ಲಾ ಮನ್ಯಾಗ ಮಲಗಿಸಿ ಹೊತ್ತು ಇಳಿದ ಮ್ಯಾಲೆ ಹೊರಡ್ರಿ. ಸಣ್ಣ ಮಕ್ಕಳ್ನ ಕರ್ಕೊಂಡು ಹಗ್ಗದ ಹತ್ರ ಮಾತ್ರ ಹೋಗಬ್ಯಾಡ್ರಿ, ಮಂದಿ ಬಾಳಿಹಣ್ಣು ಉತ್ತತ್ತಿ ತೂರೂ ಭರದಾಗ ಯಾರ್ ಕಾಲಾಗ ಯಾರ್ ಇದ್ದಾರಂತ ನೋಡಂಗಿಲ್ಲ, ಗುರ್ತಿನವ್ರ ಮಾಳಿಗಿ ಸಿಕ್ರ ಅದಕ್ಕಿಂತ ಛಲೋ ಜಾಗಾ ಇಲ್ಲ. ತೇರು ಎಳಿಯೂಕಿಂತ ಮದಲು ಪೀಠಾಧಿಪತಿ ಅಪ್ಪಾವ್ರು ಶರಣಬಸವೇಶ್ವರರ ಪವಿತ್ರ ಪರುಷ ಬಟ್ಟಲು ತೋರಿಸ್ತಾರಲ್ಲ, ಅದನ್ನ ತಪ್ಪಿಸ್ಬ್ಯಾಡ್ರಿ. ಹಿಂದಿನ ಪೀಠಾಧಿಪತಿ ಶರಣಬಸಪ್ಪ ಅಪ್ಪಾವ್ರು 2025ರ ಆಗಸ್ಟ್‌ನಾಗ ಲಿಂಗೈಕ್ಯ ಆದ್ರು, ನಿಮಗ ಗೊತ್ತಿರಬೇಕು, ಈಗ 9ನೇ ಪೀಠಾಧಿಪತಿ ಅವರ ಮಗ ದೊಡ್ಡಪ್ಪ ಅಪ್ಪ, ಇನ್ನಾ ಸಣ್ಣ ಹುಡುಗ, ನಿಮ್ ಮಕ್ಕಳು ಕಣ್ಣು ಬಿಟ್ಕೊಂಡು ನೋಡ್ತಾವ ನೋಡ್ರಿ.

ಒಂದು ಮಾತು ಬ್ಯಾಸರ ಮಾಡ್ಕೋಬ್ಯಾಡ್ರಿ, ಪರದೇಶದಿಂದ ಬರೋರು ತೇರು ನೋಡಿ ಫೋಟೋ ಹೊಡ್ಕೊಂಡು ಮರುದಿನಾನೇ ಓಡ್ತಾರ, ನನಗದು ಸೇರಂಗಿಲ್ಲ. ತೇರಿನ ಸಂಜಿ ಗದ್ಲದಾಗ ಮಕ್ಕಳಿಗಿ ಏನೂ ಕಾಣಂಗಿಲ್ಲ. ಅಂಗಡಿ, ತೊಟ್ಟಿಲು ಆಮ್ಯಾಲೂ ಇರ್ತಾವ, ಎರಡು ಮೂರು ದಿನ ಬಿಟ್ಟು ರಾತ್ರಿ ಹೋಗಿ ಬಳಿ ಹಾಕ್ಸ್ರಿ, ಮಿರ್ಚಿ ಭಜಿ ತಿನ್ರಿ (ಮಕ್ಕಳಿಗಿ ಬೆಂಡು ಬತ್ತಾಸು ಸಾಕು), ಒಂದಿನ ದಾಸೋಹದಾಗ ಪಂಕ್ತಿಗಿ ಕೂಡಿಸ್ರಿ. 1822ರಾಗ ಲಿಂಗೈಕ್ಯ ಆದ ಶರಣಬಸವೇಶ್ವರರು ಅರಳಗುಂಡಗಿ ರೈತರು, ಅವರ ಹೆಸರು ಉಳದದ್ದು ದಾಸೋಹದಿಂದನೇ ಅಲ್ಲೇನು.

ರಜಾ ಹೊಂದಲಿಲ್ಲಂದ್ರ ನಮ್ಮೂರ ದರ್ಗಾದ ಸೂಫಿ ಸಂತ ಖಾಜಾ ಬಂದೇ ನವಾಜರ ಉರುಸಿಗಾದ್ರೂ ಬರ್ರಿ, ಅದು ಮುಸ್ಲಿಂ ಕ್ಯಾಲೆಂಡರಿನ ಜುಲ್ಖಾದ್ ತಿಂಗಳ 15ರಿಂದ, 2027ಕ್ಕ ಏಪ್ರಿಲ್ 22ರ ಸುಮಾರಿಗಿ, ಚಂದ್ರ ಕಂಡ ಮ್ಯಾಲೆ ಪಕ್ಕಾ. ಆದ್ರ ಆಗಿನ ಬಿಸಿಲಿಗಿ ಸಣ್ಣಾಕಿನ್ನ ಕರ್ಕೊಂಡು ಬರೂದು ನಾ ಒಪ್ಪಂಗಿಲ್ಲ.