ಆಪ್ತಸಲಹೆ ಪ್ರಕರಣ: ಮಗ ಬಚ್ಚಿಟ್ಟ ಅಂಕಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಶಿಡ್ಲಘಟ್ಟ ಕಡೆಯ, ಅರವತ್ತು ದಾಟಿದ ರೇಷ್ಮೆ ರೀಲರ್ (ಗೂಡಿನಿಂದ ನೂಲು ತೆಗೆಯುವವರು) ಒಬ್ಬರಿಗೆ ಬಹುಕಾಲದ ಸಕ್ಕರೆ ಕಾಯಿಲೆಯ ಜೊತೆಗೆ ಹೃದಯ ವೈಫಲ್ಯವೂ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ) ಪತ್ತೆಯಾಗಿತ್ತು. ಹೃದಯದ ಸ್ಕ್ಯಾನ್ ಆದ ಎಕೋ ವರದಿಯಲ್ಲಿ ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು) ಶೇ 30, ಅಂದರೆ ತೀರಾ ಕಡಿಮೆ, ಎಂದಿತ್ತು. ಮಗ ಮೊಬೈಲಿನಲ್ಲಿ ‘ಮ್ಯಾಜಿಕ್’ ಎಂಬ ಅಪಾಯದ ಸ್ಕೋರ್‌ಗೆ ತಂದೆಯ ವಿವರ ತುಂಬಿ, ಮೂರು ವರ್ಷದೊಳಗೆ ಸಾವು ಸಂಭವಿಸುವ ಸಾಧ್ಯತೆಯ ಅಂಕಿ ಕಂಡು ಗಾಬರಿಯಾಗಿದ್ದರು. ಅದನ್ನು ಯಾರಿಗೂ ಹೇಳದೆ, ನೂಲು ತೆಗೆಯುವ ಘಟಕವಾದ ಫಿಲೇಚರ್ ಮಾರಿಬಿಡೋಣವೆಂದು ಒತ್ತಾಯಿಸತೊಡಗಿದಾಗ, ತಂದೆ ಅದನ್ನು ಆಸ್ತಿಯ ಆಸೆಯೆಂದೇ ತಿಳಿದು ಮಾತು ಬಿಟ್ಟರು. ಇಬ್ಬರನ್ನೂ ನನ್ನಲ್ಲಿಗೆ ಕರೆತಂದವರು ತಾಯಿ.

ಮೊದಲು ಮಗನೊಡನೆ ಮಾತನಾಡಿದೆ. 2013ರಲ್ಲಿ ಪ್ರಕಟವಾದ ಈ ಸ್ಕೋರ್ 30 ಅಧ್ಯಯನಗಳ 39,372 ರೋಗಿಗಳ ಮಾಹಿತಿಯಿಂದ ಸಿದ್ಧವಾದದ್ದು. ವಯಸ್ಸು, ಇಎಫ್, ರಕ್ತದೊತ್ತಡ, ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರುವ ರಕ್ತಪರೀಕ್ಷೆ) ಮುಂತಾದ 13 ಅಂಶಗಳನ್ನು ಅದು ಕೂಡುತ್ತದೆ. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಮಧುಮೇಹಕ್ಕೆ 3 ಅಂಕ ಸೇರುತ್ತದೆ. ಹೃದಯ ಬಡಿತ ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳದಿದ್ದರೂ ಅಷ್ಟೇ 3 ಅಂಕ. ತಂದೆ ನುಂಗುತ್ತಿದ್ದ ಮೆಟೊಪ್ರೊಲಾಲ್ ಇದೇ ಗುಂಪಿನದು, ಅದನ್ನು ಬರೀ ಬಿಪಿ ಮಾತ್ರೆಯೆಂದುಕೊಂಡ ಮಗ ಅಲ್ಲಿ ‘ಇಲ್ಲ’ ಎಂದು ಒತ್ತಿದ್ದರು. ಹೀಗೆ 3 ಅಂಕ ತಪ್ಪಾಗಿ ಸೇರಿ, ಸಕ್ಕರೆ ಕಾಯಿಲೆಯ ಭಾರ ಎರಡು ಸಲ ಬಿದ್ದಂತಾಗಿತ್ತು. ಸಕ್ಕರೆ ಕಾಯಿಲೆಗೂ ಹೃದಯ ವೈಫಲ್ಯಕ್ಕೂ ಕೊಡುವ ಡಪಾಗ್ಲಿಫ್ಲೋಜಿನ್‌ನಂಥ ಔಷಧಗಳಂತೂ ಆ ಲೆಕ್ಕದಲ್ಲೇ ಇಲ್ಲ. ಆ ಔಷಧವನ್ನು ಪರೀಕ್ಷಿಸಿದ 2019ರ ‘ಡಪಾ-ಎಚ್‌ಎಫ್’ ಪ್ರಯೋಗದಲ್ಲಿ, ಇಎಫ್ ಕುಗ್ಗಿದವರ ಪೈಕಿ ಹೃದ್ರೋಗದಿಂದ ಸಾವು ಅಥವಾ ವೈಫಲ್ಯ ಉಲ್ಬಣಿಸುವುದು ಶೇ 21.2ರಿಂದ 16.3ಕ್ಕೆ ಇಳಿದಿತ್ತು, ಮಧುಮೇಹ ಇದ್ದವರಿಗೂ ಇಲ್ಲದವರಿಗೂ ಪ್ರಯೋಜನವಾಗಿತ್ತು.

“ಗೂಡಿನ ಮಾರುಕಟ್ಟೆಯಲ್ಲಿ ಲಾಟ್ (ಗೂಡಿನ ರಾಶಿ) ನೋಡಿ ಎಷ್ಟು ನೂಲು ಬಂದೀತೆಂದು ಅಂದಾಜಿಸುವ ನಿಮ್ಮ ತಂದೆಯವರು, ಯಾವ ಗೂಡಿನ ಎಳೆ ಎಲ್ಲಿ ಕಡಿಯುತ್ತದೆಂದು ಹೇಳಬಲ್ಲರೇ?” ಎಂದು ಕೇಳಿದೆ. ಸ್ಕೋರ್ ಕೂಡ ಹಾಗೆಯೇ, ಗುಂಪಿನ ಅಂದಾಜೇ ಹೊರತು ಒಬ್ಬರ ಭವಿಷ್ಯವಲ್ಲ ಎಂದೆ. ಮಗ ತಲೆಯಾಡಿಸಿದರು, ಆದರೆ ಭಯ ಪೂರ್ತಿ ಹೋದಂತೆ ಕಾಣಲಿಲ್ಲ. ಹೋಗಬೇಕಾದದ್ದೂ ಇಲ್ಲ, ಎರಡು ಕಾಯಿಲೆ ಸೇರಿದಾಗ ಅಪಾಯ ಹೆಚ್ಚೆಂಬುದು ನಿಜವೇ.

ತಂದೆಯವರಿಗೆ ಮುನ್ಸೂಚನೆ ಎಷ್ಟು ತಿಳಿಯಬೇಕೆಂದು ಅವರನ್ನೇ ಕೇಳಿದೆ. “ಎಷ್ಟು ವರ್ಷ ಅಂತ ಬೇಡ ಮೇಡಂ, ಯಾವಾಗ ಆಸ್ಪತ್ರೆಗೆ ಹೋಗಬೇಕು ಅನ್ನೋದು ಹೇಳಿ” ಎಂದರು. ಆದ್ದರಿಂದ ಅಂಕಿ ಹೇಳಲಿಲ್ಲ. ಮಗ ಮಾತ್ರ ತನ್ನ ಒತ್ತಾಯದ ಹಿಂದಿದ್ದ ಹೆದರಿಕೆಯನ್ನು ನನ್ನೆದುರೇ ತಂದೆಗೆ ಹೇಳಿಕೊಂಡರು.

ಕೊಟ್ಟ ಸಲಹೆ ಇದು. ದಿನವೂ ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಬೇಕು. ಮೂರು ದಿನದಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ, ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ಕೂಡಲೇ ವೈದ್ಯರನ್ನು ಕಾಣಬೇಕು. ಬೀಟಾ ಬ್ಲಾಕರ್ ಇರುವಾಗ ಸಕ್ಕರೆ ತಗ್ಗಿದರೂ ಎದೆ ಬಡಿತ ಗೊತ್ತಾಗದೆ ಹೋಗಬಹುದು. ಬೆವರು ಕಂಡರೆ ಗ್ಲುಕೋಮೀಟರ್‌ನಲ್ಲಿ ನೋಡಬೇಕು. ಅವರ ಹಳೆಯ ಸಕ್ಕರೆ ಮಾತ್ರೆಯ ಸ್ಟ್ರಿಪ್‌ನಲ್ಲಿ ಪಯೋಗ್ಲಿಟಜೋನ್ ಬೆರೆತಿತ್ತು. ಅದು ಮೈಯಲ್ಲಿ ನೀರು ನಿಲ್ಲಿಸುವುದರಿಂದ ಹೃದಯ ವೈಫಲ್ಯದಲ್ಲಿ ಬೇಡವಾದ ಔಷಧ. ತಾವಾಗಿ ಏನನ್ನೂ ನಿಲ್ಲಿಸದೆ, ಅದೇ ದಿನ ಸ್ಟ್ರಿಪ್ ಸಮೇತ ವೈದ್ಯರ ಬಳಿ ಹೋಗಲು ಚೀಟಿ ಬರೆದುಕೊಟ್ಟೆ. ವೈದ್ಯರು ಆ ಮಾತ್ರೆಯನ್ನು ಬದಲಿಸಿದರು. ಉಪ್ಪು ಹೆಚ್ಚಿರುವ ಉಪ್ಪಿನಕಾಯಿ, ಹಪ್ಪಳದ ವಿಚಾರ ತಾಯಿಯೊಡನೆ ಇನ್ನೂ ಚರ್ಚೆಯಲ್ಲಿದೆ.

ಫಿಲೇಚರ್ ಮಾರುವ ಮಾತನ್ನು ಕೈಬಿಡಿ ಎಂದು ನಾನು ಹೇಳಲಿಲ್ಲ. ಗೂಡು ಬೇಯಿಸುವ ಬಿಸಿನೀರಿನ ಬಾಣಲೆಯ ಬಳಿ ತಂದೆ ಎಷ್ಟು ಹೊತ್ತು ನಿಲ್ಲಬಲ್ಲರು, ಲೆಕ್ಕಪತ್ರ ಯಾರು ನೋಡುತ್ತಾರೆ ಎಂಬುದನ್ನು ಯಜಮಾನರೇ ಮುಂದೆ ಕೂತು ನಿರ್ಧರಿಸಲಿ ಎಂದೆ. ಮುಂದಿನ ಭೇಟಿಗೆ ತೂಕದ ಪುಸ್ತಕವನ್ನೂ ಮೂತ್ರಪಿಂಡದ ಹೊಸ ರಕ್ತಪರೀಕ್ಷೆಯನ್ನೂ ತರಲು ಹೇಳಿದ್ದೇನೆ.