ನಿಧಿ ಬೇಡ, ಕಸದ ಬುಟ್ಟಿ ತನ್ನಿ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ 4 ಮತ್ತು 5ನೇ ತರಗತಿಗೆ ಪಾಠ ಮಾಡುತ್ತೇನೆ. ಮಕ್ಕಳಿಗೆ ಪುರಾತತ್ವದ ರುಚಿ ಹತ್ತಿಸಬೇಕೆಂಬ ಆಸೆ. ಅದಕ್ಕೆಂದು ಬೇರೆ ಪೀರಿಯಡ್ ಸಿಗುವುದಿಲ್ಲ. ಗಣಿತ, ಪರಿಸರ, ಕನ್ನಡದ ಜೊತೆಗೇ ಹೇಳಿಕೊಡಬಹುದೇ? ಮೊನ್ನೆ ಅಂಗಳದ ಮರಳಲ್ಲಿ ನಾಣ್ಯ, ಬಳೆ ಹೂತಿಟ್ಟು ಹುಡುಕಿಸಿದೆ. ಈಗ ದಿನಾ "ಟೀಚರ್, ನಿಧಿ ಯಾವಾಗ ಸಿಗತೈತ್ರಿ?" ಎಂದು ಕೇಳುತ್ತಿದ್ದಾರೆ. ಒಬ್ಬ ಹುಡುಗ ಹೊಲದಲ್ಲಿ ಸಿಕ್ಕ ಕಪ್ಪು-ಕೆಂಪು ಮಡಕೆ ಚೂರು ತಂದುಕೊಟ್ಟಿದ್ದಾನೆ. ಅದನ್ನೇನು ಮಾಡಲಿ?

ಉತ್ತರ: ಮೊದಲು ಆ ಮರಳಿನ ಆಟ ನಿಲ್ಲಿಸಿಬಿಡಿ ಟೀಚರ್. ಎಷ್ಟೋ ಶಾಲೆಗಳಲ್ಲಿ ಇದನ್ನೇ ಮಾಡುತ್ತಾರೆ, ಬೇಜಾರಾಗಬೇಡಿ. ಆದರೆ ಮಗುವಿಗೆ ಅದರಿಂದ ತಿಳಿಯುವುದು ಒಂದೇ: ಅಗೆದರೆ ಬೆಲೆಬಾಳುವುದು ಸಿಗುತ್ತದೆ. ನಿಧಿ ಆಸೆಗೆ ಹಳೆ ಗುಡಿಗಳನ್ನು ಅಗೆದು ಹಾಳುಮಾಡುವವರೂ ಅದನ್ನೇ ನಂಬಿದವರು. ಪುರಾತತ್ವದವರಾದ ನಮ್ಮ ಕೆಲಸದಲ್ಲಿ ಏನು ಸಿಕ್ಕಿತು ಎನ್ನುವುದಕ್ಕಿಂತ ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು ಎನ್ನುವುದೇ ಮುಖ್ಯ.

ಅದನ್ನು ಕಲಿಸಲು ತರಗತಿಯ ಕಸದ ಬುಟ್ಟಿ ಸಾಕು. ಸೋಮವಾರದಿಂದ ಶುಕ್ರವಾರದವರೆಗೆ ಖಾಲಿ ಮಾಡಬೇಡಿ (ಹಣ್ಣಿನ ಸಿಪ್ಪೆ, ಬ್ಲೇಡು ಮಾತ್ರ ಬೇರೆ ಹಾಕಿಸಿ). ಶನಿವಾರ ಅದನ್ನು ಹಳೆ ಪೇಪರ್ ಮೇಲೆ ಬಿಡಿಸಿ, ಮೇಲಿನಿಂದ ಒಂದೊಂದೇ ಪದರ. ಸುಮ್ನೆ ಸುರಿಯಬಾರದು. ತಳದಲ್ಲಿ ಸಿಕ್ಕಿದ್ದು ಸೋಮವಾರದ್ದು, ಮೇಲಿನದು ಶುಕ್ರವಾರದ್ದು. ನಡುವೆ ಒಂದೇ ಥರದ ಇಪ್ಪತ್ತು ಚಾಕೊಲೇಟ್ ಕಾಗದ ಸಿಕ್ಕರೆ ಅಂದು ಯಾರದೋ ಹುಟ್ಟುಹಬ್ಬ! ಬ್ರಹ್ಮಗಿರಿಯಲ್ಲಿ ಆದದ್ದೂ ಇದೇ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮುರು ತಾಲ್ಲೂಕಿನ ಆ ಜಾಗವನ್ನು 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ತಳದಲ್ಲಿ ಕಲ್ಲುಕೊಡಲಿ ಬಳಸಿದವರ ಪದರ ಸಿಕ್ಕಿತು. ಅದರ ಮೇಲೆ ಕಬ್ಬಿಣ ಬಳಸಿ, ದೊಡ್ಡ ಕಲ್ಲುಗಳ ಸಮಾಧಿ ಕಟ್ಟಿದವರದು. ಅದಕ್ಕೂ ಮೇಲೆ ಸಾತವಾಹನರ ಕಾಲದ್ದು. ಯಾರು ಮೊದಲು, ಯಾರು ಆಮೇಲೆ ಎಂದು ಮಣ್ಣೇ ಹೇಳಿತು. ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿ: ಈ ವಾರ ನೀವು ಮಾಡಿದ ಯಾವುದು ಬುಟ್ಟಿಯಲ್ಲಿ ಇಲ್ಲ? ಹಾಡು, ಜಗಳ, ತಟ್ಟೆ ಖಾಲಿ ಮಾಡಿದ ಬಿಸಿಯೂಟ. ಈ ಪಟ್ಟಿ ಬುಟ್ಟಿಗಿಂತ ಉದ್ದವಾಗುತ್ತದೆ, ನೋಡುತ್ತಿರಿ.

ಗಣಿತಕ್ಕೆ ಒಡೆದ ಮಡಕೆ ಬೇಕು. ಕುಂಬಾರರ ಹತ್ತಿರ ಒಡೆದದ್ದು ಬೇಕಾದಷ್ಟು ಇರುತ್ತದೆ. ದೊಡ್ಡ ಹಾಳೆಯಲ್ಲಿ ಒಂದೇ ಕೇಂದ್ರದಿಂದ 4, 6, 8 ಸೆಂಟಿಮೀಟರ್ ತ್ರಿಜ್ಯದ ವೃತ್ತಗಳನ್ನು ಎಳೆಯುತ್ತಾ ಹೋಗಿ. ಬಾಯಂಚಿನ ಚೂರನ್ನು ಬೋರಲಾಗಿಟ್ಟು ಯಾವ ಗೆರೆಗೆ ಸರಿಯಾಗಿ ಕೂರುತ್ತದೆ ಎಂದು ಮಕ್ಕಳು ನೋಡಲಿ. ಅಷ್ಟೇ, ಇಡೀ ಮಡಕೆಯ ಬಾಯಿ ಎಷ್ಟು ಅಗಲವಿತ್ತು ಎಂದು ಗೊತ್ತಾಯಿತು! ಉತ್ಖನನದ ಶಿಬಿರಗಳಲ್ಲಿ ನಾವೂ ಹೀಗೇ ಅಳೆಯುತ್ತೇವೆ. ವ್ಯಾಸ, ತ್ರಿಜ್ಯ ಎಂದರೆ ಮುಖ ತಿರುಗಿಸುವ ಮಗುವೂ ಇದಕ್ಕೆ ಮುಂದೆ ಬರುತ್ತದೆ.

ಪರಿಸರ ಪಾಠಕ್ಕೆ ಹುರುಳಿ. ಒಂದು ಹಿಡಿ ಹುರುಳಿಯನ್ನು ಅಡುಗೆಯವರಿಂದ ಪೂರ್ತಿ ಕರಕಲಾಗುವಂತೆ ಹುರಿಸಿ. ಆರಿದ ಮೇಲೆ ಮಣ್ಣಿಗೆ ಬೆರೆಸಿ ಬಕೆಟ್ ನೀರಿಗೆ ಸುರಿದು ಕಲಕಿ, ಮೇಲಿನ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ. ಮಣ್ಣು ತಳಕ್ಕೆ ಕೂರುತ್ತದೆ, ಇದ್ದಿಲಾದ ಕಾಳು ತೇಲುತ್ತದೆ. ಎಲ್ಲವೂ ತೇಲುವುದಿಲ್ಲ, ಯಾಕೆ ಎನ್ನುವುದು ಮಕ್ಕಳಿಗೆ ಬಿಟ್ಟ ಪ್ರಶ್ನೆ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಮಣ್ಣನ್ನು ಹೀಗೆ ತೊಳೆದಾಗ ಹುರುಳಿ, ಹೆಸರು, ಕೊರಲೆ ಎಂಬ ಸಿರಿಧಾನ್ಯ ಸಿಕ್ಕವು. 3000 ವರ್ಷಕ್ಕೂ ಹಿಂದಿನ ಊಟ! ಬೇಯಿಸುವಾಗ ಯಾರೋ ಒಲೆಗೆ ಚೆಲ್ಲಿ ಸುಟ್ಟುಕೊಂಡ ಕಾಳು ಉಳಿಯುತ್ತದೆ, ಸುಡದೇ ಬಿದ್ದದ್ದು ಕೊಳೆತು ಹೋಗುತ್ತದೆ.

ಕನ್ನಡದ ಪೀರಿಯಡ್‌ನಲ್ಲಿ ಒಂದು ಹಳೆ ಸಾಮಾನು ಇಡಿ, ಬೀಸುಕಲ್ಲೋ ಸೇರು-ಪಾವೋ. ಹೆಸರು ಹೇಳದೆ ವರ್ಣಿಸಿ ಬರೆಯಲಿ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ "ಕಂಡದ್ದು", ಬಲಕ್ಕೆ "ಅಂದುಕೊಂಡದ್ದು". ದೊಡ್ಡವರೇ ಇವೆರಡನ್ನು ಬೆರೆಸಿಬಿಡುತ್ತಾರೆ, ಅಲ್ವಾ? ಊರಲ್ಲಿ ವೀರಗಲ್ಲು ಇದ್ದರೆ ಅದರ ಮುಂದೆ ಕೂರಿಸಿ ಕಥೆ ಹೇಳಿಸಿ. ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಚಿತ್ರಕಲೆಗೆ ಬೇರೆ ಪಾಠವೇ ಬೇಡ, ಅದನ್ನೇ ಬರೆಯಲಿ.

ನಿಮ್ಮ ಜಿಲ್ಲೆಯಲ್ಲಂತೂ ಹಿರೇಬೆಣಕಲ್ ಇದೆ. ಗುಡ್ಡದ ಮೇಲೆ ಕಲ್ಲು ಚಪ್ಪಡಿಯ ನೂರಾರು ಗೂಡುಗಳು. ಮೋರ್ಯರು ಎಂಬ ಕುಳ್ಳ ಜನ ಅಲ್ಲಿ ವಾಸವಿದ್ದರು ಎಂದು ಹಿರಿಯರು ಹೇಳುತ್ತಾರೆ. ಅವು ಸತ್ತವರಿಗಾಗಿ ಕಟ್ಟಿದ್ದು ಎನ್ನುತ್ತೇವೆ ನಾವು. ಅಜ್ಜಿ ಹೇಳಿದ್ದು ಸುಳ್ಳು ಎಂದು ದಯವಿಟ್ಟು ಹೇಳಬೇಡಿ. "ಮನೆಯಾಗಿದ್ದರೆ ಅಲ್ಲಿ ಏನೇನು ಸಿಗಬೇಕಿತ್ತು?" ಎಂದು ಕೇಳಿ. ಒಲೆ, ಬೂದಿ, ತಿಂದು ಬಿಸಾಡಿದ ಮೂಳೆ ಎಂದು ಮಕ್ಕಳೇ ಪಟ್ಟಿ ಮಾಡುತ್ತಾರೆ. ಕರೆದುಕೊಂಡು ಹೋಗುವುದಾದರೆ ಬಿಸಿಲಿಗೆ ಮುಂಚೆ ಹತ್ತಿಸಿ. ಚಪ್ಪಡಿ ಮೇಲೆ ಯಾರೂ ಏರಬಾರದು. ತೀರಾ ಚಿಕ್ಕ ಮಕ್ಕಳಿಗೆ ಆ ಗುಡ್ಡ ಕಷ್ಟ.

ಇನ್ನು ಆ ಹುಡುಗನ ಚೂರು. ಒಳಗೂ ಬಾಯಂಚಿಗೂ ಕಪ್ಪು, ಹೊರಗೆ ಕೆಂಪು ಇದ್ದರೆ ಅದು ಹಿರೇಬೆಣಕಲ್‌ನ ಗೂಡು ಕಟ್ಟಿದವರ ಕಾಲದ್ದೇ ಇರಬಹುದು. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಒಳಗೆ ಗಾಳಿ ಸಿಗದೆ ಕಪ್ಪಾಗುತ್ತದೆ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ. ಹುಡುಗನನ್ನು ಬೈಯಬೇಡಿ, ಶಾಲೆಯ ಕಪಾಟಿನಲ್ಲೂ ಇಟ್ಟುಕೊಳ್ಳಬೇಡಿ. ಅವನ ಜೊತೆ ಹೊಲಕ್ಕೆ ಹೋಗಿ. ಎಲ್ಲಿ ಬಿದ್ದಿತ್ತು, ಸುತ್ತ ಇನ್ನೇನಿದೆ ಎಂದು ಅವನೇ ತೋರಿಸಲಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ನಕ್ಷೆ ಬರೆಸಿ, ಚೂರನ್ನು ಅಲ್ಲೇ ಇಟ್ಟು ಬನ್ನಿ. ಫೋಟೋ, ನಕ್ಷೆ ಎರಡನ್ನೂ ರಾಜ್ಯ ಪುರಾತತ್ವ ಇಲಾಖೆಗೆ ಕಳಿಸಿ. ನಕ್ಷೆಯ ಕೆಳಗೆ ಆ ಹುಡುಗನೇ ಸಹಿ ಹಾಕಲಿ.